ನೀರು ಕೇಳದ ಗಿಡ

ಸೋಮಾರಿಗಳಿಗೆ ಪ್ರಕೃತಿಯ ಮೇಲೆ ಹುಟ್ಟುವಷ್ಟು ಪ್ರೀತಿ ಋಷಿಗಳಿಗೂ ಹುಟ್ಟಿರಲಾರದು. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪದಲ್ಲಿ ಗುಮಾಸ್ತನಾಗಿದ್ದಾಗ, ಬಾಡಿಗೆ ಮನೆಯ ಹಿತ್ತಲಲ್ಲಿ ಹೆಂಡತಿ ಗುಲಾಬಿ ಬೆಳೆಸುತ್ತಿದ್ದಳು. ಬೆಳೆಸುವುದೆಂದರೆ, ಅವಳು ಹೂ ಮುಡಿಯುವುದು, ನಾನು ನೀರು ಸೇದುವುದು. ಶಿವರಾತ್ರಿ ಕಳೆದರೆ ಬಾವಿಯ ನೀರು ಪಾತಾಳಕ್ಕಿಳಿದು, ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಆ ಗುಲಾಬಿಗಳು ಮುಖ ಸಿಂಡರಿಸಿಕೊಂಡೇ ಇರುತ್ತಿದ್ದವು.

ಭಂಡಿಗಡಿ ರಸ್ತೆಯ ಬದಿಯಲ್ಲಿ ಕೇಪಳ, ನೆಕ್ಕರಿಕದಂಥ ಕಾಡುಗಿಡಗಳು ಸುಡುಬಿಸಿಲಿನಲ್ಲೂ ಹಾಯಾಗಿ ನಿಂತದ್ದನ್ನು ಕಂಡಾಗ ನನಗೆ ಜ್ಞಾನೋದಯವಾಯಿತು. ಇವಕ್ಕೆ ಯಾವ ಗಂಡ ನೀರು ಸೇದಿ ಹಾಕಿದ್ದಾನೆ? ಮಳೆಗಾಲ ಶುರುವಾದದ್ದೇ ಬೇರು ಸಮೇತ ಕಿತ್ತು ಸೈಕಲ್ಲಿನಲ್ಲಿ ತಂದು ನೆಟ್ಟೆ. ಮಳೆ ನಿಂತ ಮೇಲೆ ಬುಡಕ್ಕೆ ಒಣಗಿದೆಲೆಯ ದರಗನ್ನು ದಪ್ಪಗೆ ಹೊದಿಸಿದೆ. ಹೆಂಡತಿ, "ಎಂತ ಇದು, ಕಾಡನ್ನೇ ಮನೆಗೆ ತಂದ್ರಾ? ಹಾವೂ ಬರ್ತದೆ ನೋಡಿ" ಎಂದಳು. ಕೊನೆಗೆ ಎದುರಿನ ಜೀನಸಿ ಅಂಗಡಿಯ ಹಮೀದ್ ಸಾಹೇಬರ ಸಮಕ್ಷಮದಲ್ಲಿ ಕರಾರಾಯಿತು: ಹನಿ ನೀರು ಹಾಕದೆ, ಯುಗಾದಿಯ ಪೂಜೆಗೆ ಈ ಗಿಡಗಳಿಂದ ಒಂದು ಬೊಗಸೆ ಹೂ ಸಿಕ್ಕಿದರೆ ಗುಲಾಬಿಯ ನೀರಿನಿಂದ ನನಗೆ ಶಾಶ್ವತ ಮುಕ್ತಿ. ಸಿಗದಿದ್ದರೆ ಈ ಮನೆಯಲ್ಲಿರುವಷ್ಟು ದಿನ ನಾನು ತುಟಿ ಪಿಟಕ್ಕೆನ್ನದೆ ಸೇದಬೇಕು.

ಹಾವು ಬಂದದ್ದು ನಿಜ. ಬಡಪಾಯಿ ಕೇರೆ ಹಾವು, ಇಲಿ ಹುಡುಕಿಕೊಂಡು ಬಂದು ಹೋಯಿತು. ಫಾಲ್ಗುಣದಲ್ಲಿ ಕೇಪಳ ಕೆಂಪು ಮೊಗ್ಗು ಬಿಟ್ಟಿತು. ಸೂರಕ್ಕಿಗಳು ಬಂದು ಇನ್ನೂ ಅರಳಿಲ್ಲವೆಂದು ಬೈದು ಹೋಗುತ್ತಿದ್ದವು. ಓತಿಕ್ಯಾತವೊಂದು ದರಗಿನ ಮೇಲೆ ಕೂತು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿತ್ತು. ನಮ್ಮ ಮನೆಯಲ್ಲಿ ನನಗೆ ಅಷ್ಟು ಮರ್ಯಾದೆ ಕೊಟ್ಟ ಜೀವ ಇನ್ನೊಂದಿಲ್ಲ. ಹಬ್ಬಕ್ಕೆ ಎರಡು ದಿನವಿರುವಾಗ ಮೊಗ್ಗುಗಳು ಬಿರಿಯುವ ಹಂತಕ್ಕೆ ಬಂದವು. ನಾನು ಗುಲಾಬಿಗೆಂದೇ ಇಟ್ಟಿದ್ದ ಬಾವಿಯ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಎಸೆದೇಬಿಟ್ಟೆ.

ಮರುದಿನ ಮುತ್ತಿನಕೊಪ್ಪದಿಂದ ಅತ್ತೆ ಹಬ್ಬಕ್ಕೆ ಬಂದರು. ಮಧ್ಯಾಹ್ನ ಕಚೇರಿಯಿಂದ ಬಿಸಿಲಿನಲ್ಲಿ ಬೆಂದು ಬಂದು ಊಟಕ್ಕೆ ಕೂತರೆ, ಎಂಥ ತಂಬುಳಿ! ಶುಂಠಿ, ಜೀರಿಗೆಯ ಘಮ, ತಣ್ಣನೆಯ ಮಜ್ಜಿಗೆ. ಅನ್ನಕ್ಕೆ ಸುರಿದುಕೊಂಡೆ, ಲೋಟಕ್ಕೆ ಹಾಕಿಸಿಕೊಂಡೆ, ಮೂರನೆಯ ಲೋಟ ಮುಗಿಸಿ, ಇದು ಯಾವುದರ ತಂಬುಳಿ ಎಂದು ಅತ್ತೆಯನ್ನು ಹೊಗಳುವ ಧಾಟಿಯಲ್ಲೇ ಕೇಳಿದೆ.

"ಹಿತ್ತಲಲ್ಲಿ ಕೇಪಳ ಸುಮ್ಮನೆ ಹಾಳಾಗ್ತಿತ್ತು. ಮೊಗ್ಗೆಲ್ಲ ಕೊಯ್ದು, ನೆಕ್ಕರಿಕದ ಕುಡಿಯನ್ನೂ ಸೇರಿಸಿ ತುಪ್ಪದಲ್ಲಿ ಹುರಿದೆ. ಯಾರೋ ಪುಣ್ಯಾತ್ಮರು ನೆಟ್ಟಿದ್ದಾರೆ" ಎಂದರು ಅತ್ತೆ.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಸಾಹೇಬರ ಅಂಗಡಿಗೆ ಓಡಿ ನ್ಯಾಯ ಕೇಳಿದೆ. ಅವರು ಬೆಲ್ಲ ತೂಗುತ್ತಲೇ, "ಬೇರೆ ಯಾರಾದ್ರೂ ತಿಂದಿದ್ರೆ ನಿಮ್ಮ ಪರ ಹೇಳಬಹುದಿತ್ತು ಮಾರಾಯ್ರೆ. ಸಾಕ್ಷಿನ ನೀವೇ ಕುಡಿದು ಬಂದಿದ್ದೀರಲ್ಲ" ಎಂದರು.

ಸಂಜೆ ಅಟ್ಟದಿಂದ ಹಗ್ಗ ಇಳಿಸಿದೆ. ಸಿಟ್ಟು ಬಂದಿತ್ತು, ಅವಮಾನವೂ ಆಗಿತ್ತು. ಆದರೆ ಬಾವಿಯ ಹತ್ತಿರ ಹೋಗುವ ಮೊದಲು, ಬುಡಕ್ಕೆ ಒಂದಿಷ್ಟು ನೀರು ಹಾಕಿದರೆ ಕೇಪಳ ಇನ್ನೊಂದು ತಂಬುಳಿಗಾಗುವಷ್ಟು ಬೇಗ ಚಿಗುರಬಹುದೇ ಎಂದು ಅತ್ತೆಯನ್ನು ಗುಟ್ಟಾಗಿ ಕೇಳಿದೆ. ಚಿಗುರದೆ ಏನು ಎಂದರು. ಮೊದಲನೆಯ ಕೊಡಪಾನ ಗುಲಾಬಿಯನ್ನು ದಾಟಿಕೊಂಡು ಹೋಗಿ ಕೇಪಳದ ಬುಡಕ್ಕೇ ಸುರಿದೆ, ಎರಡನೆಯದನ್ನೂ.