ಕೈ ಹಿಡಿಯದ ಯಜಮಾನರು

ನನಗೊಂದು ಚಾಳಿ ಅಂಟಿಕೊಂಡಿದೆ. ಯಾರನ್ನು ಕಂಡರೂ ತಲೆಯಿಂದ ಪಾದದವರೆಗೆ ತಪಾಸಣೆ ಮಾಡಿಬಿಡುತ್ತೇನೆ. ಮದುವೆಮನೆಯಲ್ಲಿ ಎಲ್ಲರೂ ಗಂಡಿನ ಸಂಬಳ ವಿಚಾರಿಸುತ್ತಿದ್ದರೆ ನಾನು ಅವನ ಉಗುರಿನ ಬಣ್ಣ ನೋಡುತ್ತಿರುತ್ತೇನೆ. ಯಲಹಂಕದ ಬಸ್ಸಿನಲ್ಲಿ ಪಕ್ಕದವರು ನಿದ್ದೆ ಹೋದರೆ ಅವರ ಉಸಿರು ಎಣಿಸುತ್ತೇನೆ. ಐಸಿಯು ನರ್ಸ್ ಕೆಲಸ ನನ್ನನ್ನು ಹೀಗೆ ಮಾಡಿದೆ. ಅಲ್ಲಿ ಪಾಳಿ ಶುರುವಾದ ಕೂಡಲೇ ರೋಗಿಯನ್ನು ಕ್ರಮವಾಗಿ ನೋಡಬೇಕು. ಮೊದಲು ಪ್ರಜ್ಞೆ, ಆಮೇಲೆ ಉಸಿರು, ಹೃದಯ, ಹೊಟ್ಟೆ, ಮೂತ್ರ, ಕೊನೆಗೆ ಚರ್ಮ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಇಂಗ್ಲಿಷ್ ಪುಸ್ತಕಗಳ ಜೊತೆ ಕುಸ್ತಿ ಆಡಿ ಕಲಿತ ಕ್ರಮ ಇದು, ಒಂದನ್ನೂ ಹಾರಿಸುವ ಮಾತೇ ಇಲ್ಲ.

ಮೊನ್ನೆ ಬಾಗಲೂರು ಕಡೆಯ ಯಜಮಾನರೊಬ್ಬರು ನನ್ನ ಪಾಲಿಗೆ ಬಂದರು. ನ್ಯುಮೋನಿಯಾ ಆಗಿ ಗಂಟಲಿಗೆ ಉಸಿರಾಟದ ಕೊಳವೆ ಹಾಕಿದ್ದರು. ಮಂಪರಿನ ಔಷಧ ನಿಲ್ಲಿಸಿಯಾಗಿತ್ತು. ಹೇಳಿದ್ದನ್ನು ತಿಳಿದು ಮಾಡಿದರೆ ಕೊಳವೆ ತೆಗೆಯಬಹುದು, ಇಲ್ಲದಿದ್ದರೆ ಇಲ್ಲ. ಅವರ ಅಂಗೈಯಲ್ಲಿ ನನ್ನ ಬೆರಳಿಟ್ಟು, ಗಟ್ಟಿಯಾಗಿ ಹಿಡಿಯಿರಿ ಎಂದೆ. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡರು. ಎಡಗೈ, ಬಲಗೈ, ಮೆಲುದನಿ, ಜೋರುದನಿ, ಏನು ಮಾಡಿದರೂ ಅಷ್ಟೇ. ಮಿಕ್ಕಿದ್ದೆಲ್ಲ ಚೆನ್ನಾಗಿದೆ, ಪ್ರಜ್ಞೆಯದೇ ತೊಂದರೆ ಎಂದು ಡಾಕ್ಟರಿಗೆ ಹೇಳಿದೆ. ಹಾಗಾದರೆ ಕೊಳವೆ ಇರಲಿ, ತಲೆಯ ಸ್ಕ್ಯಾನ್ ಮಾಡಿಸೋಣ ಎಂದರು.

ಭೇಟಿಯ ಹೊತ್ತಿಗೆ ಬಂದ ಅವರ ಹೆಂಡತಿಗೆ ಇದನ್ನೆಲ್ಲ ವಿವರಿಸಿ, ಇನ್ನೊಮ್ಮೆ ಬೆರಳಿಟ್ಟು ತೋರಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಆಕೆ ಅರ್ಧಕ್ಕೇ ನಿಲ್ಲಿಸಿದರು.

“ಅವ್ರು ಎಣ್ಮಕ್ಕಳ ಕೈ ಇಡಿಯಾಕಿಲ್ಲ ಕಣಮ್ಮ. ನನ್ ಕೈನೇ ಧಾರೆ ದಿನ ಐನೋರು ಇಡಿಸ್ದಾಗ ಇಡ್ದಿದ್ದು, ಅಷ್ಟೇಯ. ಬೇರೆ ಏನಾರ ಕೇಳು.”

ಬೇರೆ ಕೇಳಿದೆ. ಯಜಮಾನ್ರೇ, ಕಾಲ್ಬೆರಳು ಆಡಿಸಿ ಎಂದೆ. ಹೊದಿಕೆಯ ಕೆಳಗೆ ಎರಡೂ ಪಾದ ಆಡಿದವು. ತಲೆ ಎತ್ತಿ ಎಂದೆ, ಎತ್ತಿದರು. ಓಡಿಹೋಗಿ ಡಾಕ್ಟರನ್ನು ಕರೆತಂದೆ. ಮಧ್ಯಾಹ್ನ ಕೊಳವೆ ಹೊರಬಂತು. ಗಂಟಲು ತುಸು ಸರಿಹೋದ ಮೇಲೆ ಅವರು ಮೊದಲು ಕೇಳಿದ್ದು ನನ್ನ ಊರು. ಹುಣಸಮಾರನಹಳ್ಳಿ ಎಂದೆ.

“ನಮ್ ಕಡೇ ಮಗಳೇ,” ಎಂದು ಪಿಸುಗುಟ್ಟಿದರು. “ಮತ್ತೆ ಗೊತ್ತಾಗ್ಬ್ಯಾಡ್ವಾ?”

ಗೊತ್ತಾಗಬೇಕಿತ್ತು, ನಿಜ. ನಮ್ಮಪ್ಪನೂ ಇದೇ ತಳಿ. ನಾನು ಡಿಗ್ರಿ ತೆಗೆದುಕೊಂಡ ದಿನ ಬೇರೆ ಅಪ್ಪಂದಿರೆಲ್ಲ ಮಕ್ಕಳ ಕೈ ಕುಲುಕುತ್ತಿದ್ದಾಗ, ನಮ್ಮಪ್ಪ ನನ್ನ ಕಿತ್ತ ಚಪ್ಪಲಿ ಹೊಲಿಸಿಕೊಂಡು ಬರಲು ಹೋಗಿದ್ದ.

ಆ ಸಂಜೆ ಮನೆಗೆ ಬಂದವಳೇ, ಜಗುಲಿಯಲ್ಲಿ ಕಾಫಿ ಮುಗಿಸುತ್ತಿದ್ದ ಅಪ್ಪನ ಮುಂದೆ ಕೈ ಚಾಚಿ, ಗಟ್ಟಿಯಾಗಿ ಹಿಡಿ ನೋಡೋಣ ಎಂದೆ. ಅಪ್ಪ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಖಾಲಿ ಲೋಟ ಅದರಲ್ಲಿಟ್ಟ. ಹೇಳದಿದ್ದರೂ ತಿಳಿದು, ನಾನು ಒಳಗೆ ಹೋಗಿ ತೊಳೆದಿಟ್ಟೆ. ಪ್ರಜ್ಞೆಯ ಪರೀಕ್ಷೆ ಮಾಡಿದವನು ಅವನೇ, ಪಾಸಾದವಳು ನಾನು.