ತುಟಿ ಬಿಚ್ಚದೆ ತಂದ ನೀರು

ಜೋಸಿಮಾರನ ಎಲ್ಲ ಕಷ್ಟಕ್ಕೂ ಮೂಲ ಅವನ ಬಾಯಿ. ಬ್ರೆಜಿಲ್‌ನಿಂದ ಬಂದು, ಜರ್ಮನಿಯ ಪೂರ್ವದಂಚಿನಲ್ಲಿ ಸೋರ್ಬ್ ಎಂಬ ಸಣ್ಣ ಜನಾಂಗದವರ ಹಳ್ಳಿಯೊಂದರಲ್ಲಿ ಕ್ಷೌರದಂಗಡಿ ಇಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಲೇ "ಅದ್ಯಾಕೆ? ಇದ್ಯಾಕೆ?" ಎಂದು ಊರಿನ ಆಚಾರಗಳನ್ನೆಲ್ಲ ಕೆದಕುತ್ತಿದ್ದ. ಉತ್ತರ ಹೇಳಹೋದವರ ಬಾಯಿ ತುಂಬ ನೊರೆ.

ಬೇಕರಿಯ ಲೆಂಕಾಳ ಮೇಲೆ ಅವನಿಗೆ ಪ್ರಾಣ. "ನಮ್ಮಲ್ಲಿ ಹುಡುಗೀನ ಕೇಳಂಗಿಲ್ಲ, ಅವಳಜ್ಜೀನ ಕೇಳ್ಬೇಕು" ಎಂದು ಮಾಂಸದಂಗಡಿಯ ಬೆನೋ ಹೇಳಿದ್ದನ್ನು ನಂಬಿ, ಈಸ್ಟರ್ ಮುನ್ನಾದಿನ ಅಜ್ಜಿ ಮದ್ಲೇನಾಳ ಮನೆಗೆ ಹೋದ.

"ಅಜ್ಜೀ, ಲೆಂಕಾನ ವಿಷ್ಯ..."

"ಮಾತೆಲ್ಲ ನಾಳೆ," ಅಜ್ಜಿ ತಡೆದಳು. "ಸೂರ್ಯ ಹುಟ್ಟೋಕೆ ಮುಂಚೆ ಹೊಳೆಯಿಂದ ಈಸ್ಟರ್ ನೀರು ತಂದ್ಕೊಡು. ಹುಡುಗೀರ ಕೆಲ್ಸ ಅದು, ಆದ್ರೆ ಲೆಂಕಾಗೆ ರಾತ್ರಿ ಪಾಳಿ. ಹೋಗ್ತಾ ಬರ್ತಾ ತುಟಿ ಪಿಟಕ್ಕನ್ಬಾರ್ದು. ಒಂದು ಮಾತಾಡಿದ್ರೂ ಅದು ಬಾಯಿಬಡುಕರ ನೀರು, ಚೆಲ್ಲೋದೇ."

"ಅದ್ಯಾಕೆ?"

"ಇದೇ! ಇದನ್ನೇ ಬೇಡ ಅಂದಿದ್ದು!"

ಇದು ವರಪರೀಕ್ಷೆಯೇ ಸರಿ, ಗೆದ್ದರೆ ಹುಡುಗಿ, ಸೋತರೆ ಚೊಂಬು ಎಂದುಕೊಂಡ ಜೋಸಿಮಾರ.

ನಸುಕಿನಲ್ಲೇ ಹೂಜಿ ತುಂಬಿಸಿ, ತನ್ನೂರ ಹೆಂಗಸರಂತೆ ತಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಹೊರಟ. ದಾರಿಯಲ್ಲಿ ಗಂಡಸರು ಎತ್ತರದ ಕರಿಟೋಪಿ ಹಾಕಿಕೊಂಡು, ಈಸ್ಟರ್ ಮೆರವಣಿಗೆಯ ಕುದುರೆಗಳ ಬಾಲಕ್ಕೆ ರಿಬ್ಬನ್ ಕಟ್ಟುತ್ತಿದ್ದರು. ಟೋಪಿ ಯಾಕೆ ಅಷ್ಟೆತ್ತರ? ಬಾಲಕ್ಕೆ ಯಾಕೆ ಸಿಂಗಾರ? ಕೇಳಲಾಗದೆ ಅವನ ಹೊಟ್ಟೆಯೇ ಉಬ್ಬಿತು.

ಬೆನೋ ಅಡ್ಡ ಬಂದ. "ಏನ್ ಗುರೂ, ನೀರಿಗೆ ಹೊರಟೋಳು ಲಂಗ ಮರೆತ್ಬಿಟ್ಯಾ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಜೋಸಿಮಾರ ಹಲ್ಲು ಕಚ್ಚಿದ.

"ಹೋಗ್ಲಿ, ವಿಶ್ವಕಪ್ಪಲ್ಲಿ ನಮ್ಮೋರು ನಿಮಗೆ ಏಳು ಗೋಲು ಹೊಡೆದ್ರಲ್ಲ, ನ್ಯಾಯವಾಗೇ ತಾನೆ? ಅಲ್ಲ ಅನ್ನು ನೋಡೋಣ!"

ಬ್ರೆಜಿಲ್‌ನವನಾಗಿ ಹುಟ್ಟಿದ ಯಾರೂ ತಾಳುವ ಮಾತಲ್ಲ ಅದು. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅದನ್ನೂ ನುಂಗಿದ. ಮುಂದಿನ ತಿರುವಿನಲ್ಲಿ ಒಂದು ಹೆಬ್ಬಾತು ಹಿಮ್ಮಡಿ ಕಚ್ಚಿದಾಗ ತುಟಿಗೆ ಬಂದ "ಅಯ್ಯೋ"ವನ್ನೂ ನುಂಗಿದ.

ಅಜ್ಜಿಯ ಗೇಟಿನ ಬಳಿ ಲೆಂಕಾ ನಿಂತಿದ್ದಳು, ಕೈಯೆಲ್ಲ ಹಿಟ್ಟು.

"ಜೋಸೀ, ನನ್ನ ಮದ್ವೆ ವಿಷ್ಯ ಅಜ್ಜಿ ಹತ್ರ ಮಾತಾಡೋಕೆ ಹೋಗಿದ್ಯಂತೆ? ಬೆನೋ ಊರಿಗೆಲ್ಲ ಸಾರ್ತಿದ್ದಾನೆ. ನನ್ನ ಒಂದ್ಸಲನಾದ್ರೂ ಕೇಳಿದ್ಯಾ?"

ತಲೆಯಾಡಿಸಿದರೆ ಹೂಜಿ ನೆಲಕ್ಕೆ. ಅವನು ಹುಬ್ಬು ಮೇಲೇರಿಸಿ ಹೂಜಿಯತ್ತ ಕಣ್ಣು ತಿರುಗಿಸಿದ.

"ನೀರು ಅಂತ ಗೊತ್ತು ಮಾರಾಯಾ! ಅದನ್ನ ಮುಂದಿನ ವರ್ಷನೂ ತರಬಹುದು. ನಾನು ಅಲ್ಲೀವರೆಗೆ ಇಲ್ಲೇ ನಿಂತಿರಲ್ಲ. ಈಗ ಕೇಳು. ನೀರು ಬೇಕೋ, ನಾನು ಬೇಕೋ?"

ಇವಳಿಗಾಗಿಯೇ ತಾನೇ ಇಷ್ಟು ಪಾಡು? ನಾಲ್ಕು ಹೆಜ್ಜೆ ಹಾಕಿದರೆ ಅಜ್ಜಿಯ ಬಾಗಿಲು, ಆಮೇಲೆ ಮಾತಿನ ಹೊಳೆಯನ್ನೇ ಹರಿಸಿದರಾಯಿತು. ಅವಳನ್ನು ದಾಟಿ ಒಳಗೆ ನಡೆದ.

ಹೂಜಿ ಅಜ್ಜಿಯ ಕೈ ಸೇರಿದ್ದೇ ತಡ, ಕಟ್ಟೆಯೊಡೆಯಿತು. "ಒಂದೇ ಒಂದು ಮಾತಾಡಿಲ್ಲ ಅಜ್ಜೀ! ಇನ್ನು ಲೆಂಕಾನ ನಂಗೆ ಕೊಡಿ!"

ಅಜ್ಜಿ ನಿಧಾನವಾಗಿ ಆ ನೀರಿನಲ್ಲಿ ಕಣ್ಣು ತೊಳೆದುಕೊಂಡಳು. "ಕೊಡೋಕೆ ನಾನ್ಯಾರೋ? ಅವಳೇನು ಕೋಳಿಮರಿನಾ? ನನ್ನ ಕೇಳ್ಬೇಕು ಅಂತ ನಿಂಗ್ಯಾರು ಹೇಳಿದ್ದು?"

"ಬೆನೋ... ಹಾಗಾದ್ರೆ ಈ ನೀರು?"

"ಕಣ್ಣಿಗೆ ಒಳ್ಳೇದು. ನಂಗೆ ಮೊಣಕಾಲು ಹಿಡ್ಕೊಂಡಿತ್ತು, ಅದಕ್ಕೆ ನಿನ್ನ ಕಳಿಸ್ದೆ."

ಜೋಸಿಮಾರ ಗೇಟಿಗೆ ಓಡಿದ. ಬೆನೋನ ಕುದುರೆಗಾಡಿ ಆಗಲೇ ಮೆರವಣಿಗೆಯತ್ತ ಹೊರಟಿತ್ತು. ಪಕ್ಕದಲ್ಲಿ ಲೆಂಕಾ ಕೂತಿದ್ದಳು. ಬೆನೋ ಕರಿಟೋಪಿ ಎತ್ತಿ ಇವನಿಗೆ ನಮಸ್ಕಾರ ಮಾಡಿದ.

"ಈಗೇನ್ಮಾಡ್ಲಿ ಅಜ್ಜೀ?"

"ಮಾತಾಡಪ್ಪಾ," ಎಂದಳು ಅಜ್ಜಿ ಕನಿಕರದಿಂದ. "ಮುಂದಿನ ಈಸ್ಟರ್‌ವರೆಗೂ ಯಾರೂ ಬೇಡ ಅನ್ನಲ್ಲ."