ಹುಟ್ಟಿದ್ದಕ್ಕೆ ಏನು ಸಾಕ್ಷಿ?

ಮೊನ್ನೆ ನನ್ನ ಅಳಿಯ ತನ್ನ ಮಗಳ ಜನನ ಪತ್ರಕ್ಕಾಗಿ ಮೂರು ದಿನ ಕಚೇರಿ ಅಲೆದು ಬಂದು, ಚಪ್ಪಲಿ ಕೂಡ ಬಿಚ್ಚದೆ ಬೈಯುತ್ತಾ ಕೂತಿದ್ದ. ನನಗೋ ಒಳಗೊಳಗೇ ಸಂತೋಷ. ಇಂಥವು ಹಿಂದೆಯೂ ಆಗುತ್ತಿದ್ದವು, ಈಗಲೂ ಆಗುತ್ತಿವೆ, ಮಕ್ಕಳು ಹುಟ್ಟುತ್ತಿರುವವರೆಗೂ ಆಗುತ್ತಲೇ ಇರುತ್ತವೆ. ಕಿಟಕಿಯ ಹೊರಗೆ ನಿಂತವರಿಗೆ ಅದು ಕಷ್ಟ. ಒಳಗೆ ಕೂತಿದ್ದವನು ನಾನು, ನನಗೆ ಅದೊಂದು ನಾಟಕ.

ಎರಡನೆಯ ಮಹಾಯುದ್ಧದ ಕಾಲ. ಬಿ.ಎ. ಮುಗಿಸಿ ಒಂದು ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿಗೆ ಹಂಗಾಮಿ ಗುಮಾಸ್ತೆಯಾಗಿ ಸೇರಿದ್ದೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕರಲ್ಲೂ ನಾನು ಕೆಲಸ ಮಾಡಿದ್ದೇನೆ. ನಾಲ್ಕೂ ಊರಿನವರು ಇದು ಪಕ್ಕದ ಊರಿನ ಕಥೆ ಎಂದುಕೊಂಡು ಸುಖವಾಗಿರಲಿ.

ಆಗಿನ ಪದ್ಧತಿ ಹೀಗೆ. ಹಳ್ಳಿಯಲ್ಲಿ ಮಗು ಹುಟ್ಟಿದರೆ ಪಟೇಲರಿಗೆ ತಿಳಿಸಬೇಕು, ಶ್ಯಾನುಭೋಗರು ಪುಸ್ತಕದಲ್ಲಿ ಬರೆಯಬೇಕು, ಆ ಪುಸ್ತಕ ತಾಲ್ಲೂಕು ಕಚೇರಿಗೆ ಬಂದು ನನ್ನ ಬೀರು ಸೇರಬೇಕು. ಸ್ಕೂಲಿಗೋ ಕೆಲಸಕ್ಕೋ ಬೇಕೆಂದವರಿಗೆ ಅದರಿಂದ ಮೊಹರು ಹಾಕಿದ ಪ್ರತಿಯನ್ನು ಕೊಡುತ್ತಿದ್ದೆವು. ಜನ ಅದಕ್ಕೆ ನಕಲು ಅನ್ನುತ್ತಿದ್ದರು.

ನಮ್ಮ ಅಮಲ್ದಾರರಿಗೆ (ಈಗ ತಹಶೀಲ್ದಾರರು ಅನ್ನುತ್ತಾರೆ) ಮಾತ್ರ ಪ್ರಪಂಚದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಕುಡಿಯುವ ನೀರನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಮೊದಲ ದಿನವೇ ನನ್ನನ್ನು ಕರೆದು, ಇಪ್ಪತ್ತೈದು ದಾಟಿದವರಿಗೆ ಈ ಕೆಲಸ ಇಲ್ಲ, ತಿಂಗಳೊಳಗೆ ನಿಮ್ಮ ಜನನದ ನಕಲು ನನ್ನ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಮನೆಗೆ ಹೋಗಿ ಎಂದರು. ನನಗೆ ಇಪ್ಪತ್ನಾಲ್ಕು ತುಂಬಿ ಎಂಟು ತಿಂಗಳು. ಅಪ್ಪ ಅಮ್ಮ ಇಬ್ಬರೂ ನನ್ನ ಚಿಕ್ಕಂದಿನಲ್ಲೇ ಹೋಗಿದ್ದರು. ಸಾಕಿದ್ದು ಅಜ್ಜಿ. ಇದ್ದ ಎರಡು ಬಳೆಯನ್ನೂ ನನ್ನ ಓದಿಗೆ ಮಾರಿ, ಮೊಮ್ಮಗ ಸರ್ಕಾರಿ ಕುರ್ಚಿಯಲ್ಲಿ ಕೂರುವುದನ್ನು ನೋಡಬೇಕು ಎಂದು ಕಾದಿದ್ದಳು.

ಸ್ಕೂಲಿನ ಸರ್ಟಿಫಿಕೇಟು ತೋರಿಸಿದೆ. "ಇದು ಮೇಷ್ಟರು ಬರೆದ ವಯಸ್ಸು" ಎಂದು ಪಕ್ಕಕ್ಕಿಟ್ಟರು. ಹೋಗಲಿ, ನಮ್ಮ ಹಳ್ಳಿಯ ಪುಸ್ತಕ ನನ್ನ ಬೀರುವಿನಲ್ಲೇ ಇದೆ, ಈಗಲೇ ಬರೆದು ತರುತ್ತೇನೆ ಎಂದೆ.

"ಬೀರು ನಿಮ್ಮ ವಶ, ಬೀಗದಕೈ ನಿಮ್ಮದು, ಮಸಿಕುಡಿಕೆ ನಿಮ್ಮದು. ಆ ಪುಸ್ತಕ ಮಾತ್ರ ನನ್ನ ಹತ್ತಿರ ಇರಲಿ, ಬಿಡುವಾದಾಗ ನಾನೇ ನೋಡುತ್ತೇನೆ" ಎಂದು ತರಿಸಿಕೊಂಡು ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು.

ಬೀಡಿ ಕೆಮ್ಮು

ಅಮಲ್ದಾರರಿಗೆ ಜನರ ಮೇಲೆ ಎಷ್ಟು ಸಂಶಯವೋ ಜನರಿಗೆ ನಮ್ಮ ಮೇಲೆ ಅದರ ಎರಡರಷ್ಟು. ಹೆಸರು ಬರೆದುಕೊಂಡವರನ್ನೆಲ್ಲ ಯುದ್ಧಕ್ಕೆ ಹಡಗು ಹತ್ತಿಸುತ್ತಾರೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ.

ಒಬ್ಬ ಹಿಪ್ಪುನೇರಳೆ ಬೆಳೆಯುವ ರೈತ ಕಿಟಕಿಗೆ ಬಂದ. ಮಗನ ನಕಲು ಬೇಕಂತೆ, ಸ್ಕೂಲಿನಲ್ಲಿ ಕೇಳಿದ್ದಾರಂತೆ. ಮಗನ ಹೆಸರೇನು ಎಂದೆ. ಹಿಂದೆ ಮುಂದೆ ನೋಡಿದ.

"ಅದ್ಯಾಕೆ ನಿಮಗೆ?"

ಹೆಸರು ಹೇಳದೆ ಹೇಗಪ್ಪಾ ಹುಡುಕಲಿ ಎಂದೆ. ಪುಸ್ತಕ ಕೊಡಿ, ನಾನೇ ತೋರಿಸ್ತೀನಿ ಎಂದ. ಓದೋಕೆ ಬರುತ್ತಾ ಎಂದರೆ ಇಲ್ಲ ಎಂದ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅವನೇ ಒಂದು ದಾರಿ ಹೇಳಿಕೊಟ್ಟ.

"ನೀವು ಒಂದೊಂದೇ ಹೆಸರು ಓದ್ಕೊಂಡ್ ಬನ್ನಿ ಸ್ವಾಮಿ. ನಮ್ಮ ಹುಡುಗಂದು ಬಂದಾಗ ನಾನು ಕೆಮ್ತೀನಿ."

ಸರಿ, ಓದತೊಡಗಿದೆ. ಆರನೆಯ ಹೆಸರಿಗೆ ಜೋರಾಗಿ ಕೆಮ್ಮಿದ. ನಾನು ಸಂತೋಷದಿಂದ ಲೇಖನಿ ತೆಗೆದುಕೊಂಡು, ಅಚ್ಚುಕಟ್ಟಾಗಿ ನಕಲು ಬರೆದು, ಮರಳು ಉದುರಿಸಿ ಮಸಿ ಒಣಗಿಸಿ, ಮೊಹರಿಗೆ ಕಳಿಸಬೇಕು ಅನ್ನುವಷ್ಟರಲ್ಲಿ ಕಿಟಕಿಯೊಳಗೆ ಕೈ ಚಾಚಿ ತಡೆದ.

"ಇದಲ್ಲ ಸ್ವಾಮಿ. ಇದು ಬೀಡಿ ಕೆಮ್ಮು. ಹುಡುಗನ ಕೆಮ್ಮು ಇನ್ನೂ ಬಂದಿಲ್ಲ."

ಹುಣಸೆಹಣ್ಣಿನ ಪರೀಕ್ಷೆ

ಅದೇ ವಾರ ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಸಾಬರು ಬಂದರು. ಬಿಳಿ ಗಡ್ಡ, ಭುಜದ ಮೇಲೆ ಒಂದು ದೊಡ್ಡ ತಾಮ್ರದ ಹಂಡೆ. ಅವರ ಮಗನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಹದಿನೆಂಟು ತುಂಬಿರಬೇಕು. ನಮ್ಮ ಪುಸ್ತಕ ನೋಡಿದರೆ ಹುಡುಗನಿಗೆ ಹದಿನಾರು. ಸಾಬರು ಒಪ್ಪಲಿಲ್ಲ. ಹಂಡೆಯನ್ನು ಅಮಲ್ದಾರರ ಮೇಜಿನ ಮೇಲೆ ಬೋರಲು ಹಾಕಿದರು. ತಳದಲ್ಲಿ ನಾಲ್ಕು ಸಾಲು ಕೊರೆದಿತ್ತು. ಮನೆಯಲ್ಲಿ ಮಗು ಹುಟ್ಟಿದ ದಿನವೇ ಉಳಿ ತೆಗೆದುಕೊಂಡು ಹಂಡೆಯ ತಳದಲ್ಲಿ ತಾರೀಖು ಕೊರೆಯುವುದು ಅವರ ತಂದೆಯ ಕಾಲದಿಂದ ಬಂದ ರೂಢಿಯಂತೆ. ಮೂರನೆಯ ಸಾಲಿನ ಪ್ರಕಾರ ಹುಡುಗನಿಗೆ ಹದಿನೆಂಟು ತುಂಬಿ ಒಂದು ತಿಂಗಳು.

ಅಮಲ್ದಾರರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಗೆರೆ ಹೊಸದಾಗಿ ಕಾಣುತ್ತದೆ, ನಿನ್ನೆ ರಾತ್ರಿ ಕೊರೆದದ್ದಲ್ಲ ಎಂದು ಏನು ಗ್ಯಾರಂಟಿ ಎಂದರು. ಹುಣಸೆಹಣ್ಣು ತರಿಸಿ ಉಜ್ಜಿಸಿ ನೋಡಿದರೆ ಹಳೆಯದೋ ಹೊಸದೋ ಗೊತ್ತಾಗುತ್ತದೆ ಎಂದು ಜವಾನನನ್ನೂ ಕೂಗಿದರು.

ಸಾಬರಿಗೆ ಸಿಟ್ಟೇನೂ ಬರಲಿಲ್ಲ. ಗಡ್ಡ ನೀವಿಕೊಂಡು ಹೇಳಿದರು: "ಜರೂರ್ ಉಜ್ಜೋಣ ಹುಜೂರ್. ಹಂಡೆಗೆ ಮುಗಿದ ಮೇಲೆ ಉಳಿದಿದ್ದು ನಿಮ್ಮ ಪುಸ್ತಕಕ್ಕೂ ಸ್ವಲ್ಪ ಹಾಕೋಣ. ಯಾವುದು ನಿಲ್ತದೆ, ನೋಡುವಾ."

ಹನ್ನೊಂದು ಮಕ್ಕಳ ದಿನ

ಈ ಮಾತು ಅಮಲ್ದಾರರಿಗೆ ನಾಟಿತು. ಹುಣಸೆಹಣ್ಣನ್ನು ವಾಪಸು ಕಳಿಸಿ, ಸಾಬರ ಹಳ್ಳಿಯ ಪುಸ್ತಕವನ್ನು ಮೊದಲಿನಿಂದ ತಿರುವಿಹಾಕಿದರು. ನೋಡುತ್ತಾ ನೋಡುತ್ತಾ ಹುಬ್ಬು ಮೇಲೆ ಹೋಯಿತು. ಎರಡು ವರ್ಷ ಆ ಹಳ್ಳಿಯಲ್ಲಿ ಒಂದು ಮಗುವೂ ಹುಟ್ಟಿಲ್ಲ. ಆಮೇಲೆ ಒಂದೇ ದಿನ ಹನ್ನೊಂದು ಹುಟ್ಟಿವೆ! ಸಾಬರ ಮಗನೂ ಅದರಲ್ಲೊಬ್ಬ. ಎಲ್ಲಾ ಒಂದೇ ಮಸಿ, ಒಂದೇ ಕೈ.

ಪಟೇಲರನ್ನು ಕರೆಸಿದರು. ಗಡಿಯ ಕಡೆಯ ಮನುಷ್ಯ, ಕನ್ನಡವನ್ನು ತೆಲುಗಿನ ರಾಗದಲ್ಲಿ ಎಳೆಯುವವರು. ಒಂದೇ ದಿನ ಹನ್ನೊಂದು ಮಕ್ಕಳು ಹೇಗ್ರೀ ಹುಟ್ಟುತ್ತವೆ ಎಂದು ಅಮಲ್ದಾರರು ಮೇಜು ಕುಟ್ಟಿದರು. ಪಟೇಲರು ಕೈಕಟ್ಟಿ ನಿಂತು, ಇಷ್ಟು ಸಣ್ಣ ವಿಷಯ ಇಂಥ ದೊಡ್ಡವರಿಗೆ ತಿಳಿಯಲಿಲ್ಲವಲ್ಲ ಎಂಬಂತೆ ನೋಡಿದರು.

"ಶ್ಯಾನುಭೋಗರು ಪುಸ್ತಕ ತಗೊಂಡು ನಮ್ಮೂರಿಗೆ ಬಂದಿದ್ದು ಆವತ್ತೊಂದೇ ದಿನ ಸ್ವಾಮಿ. ಬೇರೆ ದಿನ ಹುಟ್ಟಿ ಏನ್ ಮಾಡ್ತವೆ, ಪಾಪ?"

ಹಂಡೆ ಗೆದ್ದಿತು. ಸಾಬರ ಮಗನಿಗೆ ಹದಿನೆಂಟು ಎಂದು ಆರ್ಡರು ಆಯಿತು.

ಮೂಗು

ಸಾಬರು ಹಂಡೆ ಹೊತ್ತು ಹೋದರು. ಪುಸ್ತಕಗಳ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಹೋದದ್ದೇ ತಡ, ಅಮಲ್ದಾರರು ಖಾನೆಯ ಬೀಗ ತೆಗೆದು ನಮ್ಮ ಹಳ್ಳಿಯ ಪುಸ್ತಕವನ್ನು ಹೊರಗೆಳೆದರು. ನಾನು ಎದುರಿಗೆ ನಿಂತೆ. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ. ನಾನು ಹೇಳಿದ ತಾರೀಖಿಗೆ ನಮ್ಮಪ್ಪನ ಹೆಸರು ಸರಿಯಾಗಿ ಸಿಕ್ಕಿತು. ನಾಮಕರಣಕ್ಕೆ ಮುಂಚೆ ಬರೆಸಿದ್ದರಿಂದ ಮಗುವಿನ ಹೆಸರಿನ ಜಾಗ ಖಾಲಿ. ಅದರ ಮುಂದೆ ಬೆರಳು ಜಾರಿಸಿಕೊಂಡು ಹೋಗಿ ಗಕ್ಕನೆ ನಿಲ್ಲಿಸಿದರು.

"ಇಲ್ಲಿ ಹೆಣ್ಣು ಅಂತ ಇದೆಯಲ್ರೀ."

ನಾನು ಬಗ್ಗಿ ನೋಡಿದೆ. ಹೆಣ್ಣು. ದುಂಡಗೆ, ಸ್ಪಷ್ಟವಾಗಿ.

ಅಮಲ್ದಾರರು ಹಿಂದಕ್ಕೆ ಒರಗಿ ಕೂತರು. ಅವರ ಲೆಕ್ಕ ಅವರಿಗೆ ಆಗಲೇ ಸಿಕ್ಕಿತ್ತು. ಇದು ನಿಮ್ಮ ತಂಗಿ. ತೀರಿಕೊಂಡಿರಬೇಕು. ನೀವು ಅದಕ್ಕಿಂತ ಮುಂಚೆ ಹುಟ್ಟಿದವರು, ಇಪ್ಪತ್ತೈದು ಯಾವತ್ತೋ ದಾಟಿದೆ, ತಂಗಿಯ ತಾರೀಖನ್ನು ಹಾಕಿಕೊಂಡು ಬಂದಿದ್ದೀರಿ ಎಂದರು. ನನಗೆ ತಂಗಿಯೇ ಇರಲಿಲ್ಲ ಎಂದೆ. ಇಲ್ಲದ ತಂಗಿಯನ್ನು ಪುಸ್ತಕ ಎಲ್ಲಿಂದ ತಂದಿತು ಎಂದರು. ತಿಳಿಸಿದವರು ಎಂಬ ಕಡೆ 'ಮಗುವಿನ ಅಜ್ಜಿ' ಎಂದು ಬರೆದಿತ್ತು. ಆಕೆ ಬದುಕಿದ್ದರೆ ಸೋಮವಾರ ಹಾಜರುಪಡಿಸಿ, ಇಲ್ಲವಾದರೆ ಬೀಗದಕೈ ಒಪ್ಪಿಸಿ ಎಂದರು.

ಇದ್ದಿಲು ಹಾಕಿ ಓಡಿಸುವ ಬಸ್ಸು ಹಿಡಿದು, ದಿಣ್ಣೆ ಬಂದಲ್ಲೆಲ್ಲ ಇಳಿದು ತಳ್ಳಿ, ಮುಖವೆಲ್ಲ ಮಸಿ ಮಾಡಿಕೊಂಡು ಊರು ಸೇರಿದೆ. ಅಜ್ಜಿ ರಾಗಿ ಕೇರುತ್ತಿದ್ದಳು. ವಿಷಯ ಕೇಳಿ ಮೊರ ಕೆಳಗಿಟ್ಟಳು.

"ನಿನಗಿಂತ ಮುಂಚೆ ಮೂರು ಗಂಡು ಹುಟ್ಟಿದವು ಕಣೋ. ಮೂರು ಸಲವೂ ನಿಮ್ಮ ತಾತ ಓಡಿ ಹೋಗಿ ಪಟೇಲರ ಹತ್ರ ಬರೆಸಿ ಬಂದರು. ಒಂದಕ್ಕೂ ವರ್ಷ ತುಂಬಲಿಲ್ಲ. ಬರೆಸಿದ್ದಕ್ಕೇ ಅವನಿಗೆ ಗೊತ್ತಾಗ್ತಿದ್ದಿದ್ದು, ಬಂದು ಎತ್ಕೊಂಡು ಹೋಗ್ತಿದ್ದಿದ್ದು. ನಾಲ್ಕನೇದು ನೀನು. ನಾನೇ ಹೋದೆ. ಹೆಣ್ಣು ಅಂದೆ."

ಅವನು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಅವಳು ಹೆಸರು ಹೇಳುವವಳೂ ಅಲ್ಲ. ಮೂಗು ಚುಚ್ಚಿಸಿ, ಐದು ವರ್ಷ ಲಂಗ ಹಾಕಿ ಬೆಳೆಸಿದಳಂತೆ. ನನ್ನ ಮೂಗಿನ ಎಡಗಡೆಯ ಗುಳಿಯನ್ನು ಸಿಡುಬಿನ ಕಲೆ ಎಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ ನಾನು!

ಸೋಮವಾರ ಅಜ್ಜಿ ಬಂದಳು. ಬರುವುದಕ್ಕೆ ಒಪ್ಪಿದ್ದಳು, ಏನು ಹೇಳುತ್ತಾಳೆ ಎಂದು ಮಾತ್ರ ನನಗೆ ಹೇಳಿರಲಿಲ್ಲ. ಅಮಲ್ದಾರರು ಪುಸ್ತಕ ಬಿಚ್ಚಿಟ್ಟುಕೊಂಡು ಕೇಳುವ ಮುಂಚೆಯೇ ಅವಳೇ ವಿಚಾರಣೆ ಶುರು ಮಾಡಿದಳು.

"ಈ ಕಾಗದ ಎಲ್ಲಿಗೆ ಹೋಗ್ತದೆ ನಾಯನಾ?"

"ಜಿಲ್ಲಾ ಕಚೇರಿಗೆ."

"ಅಲ್ಲಿಂದ?"

"ಬೆಂಗಳೂರಿಗೆ."

"ಅಲ್ಲಿಂದ?"

"ಅಲ್ಲಿಂದ ಎಲ್ಲಿಗೂ ಇಲ್ಲಮ್ಮ."

ಅಜ್ಜಿ ನಂಬಲಿಲ್ಲ. ಅಷ್ಟು ದೂರ ಹೋದದ್ದು ಅಲ್ಲೇ ಸುಮ್ಮನೆ ಕೂರುತ್ತದೆಯೇ ಎಂದು ಗೊಣಗಿ, ಸೆರಗು ಸರಿಮಾಡಿಕೊಂಡು ಕಚೇರಿಗೆಲ್ಲ ಕೇಳುವಂತೆ ಹೇಳಿದಳು: "ಹೆಣ್ಣೇ. ಬರ್ಕೊಳ್ಳಿ."

ಅಲ್ಲಿಗೆ ನನ್ನ ಕೆಲಸ ಹೋಯಿತು. ಅಮಲ್ದಾರರು ನನ್ನ ಕಡೆ ಕೈ ತೋರಿಸಿ, ಇವರಿಗೆ ಮೀಸೆ ಇದೆಯಲ್ಲಮ್ಮ ಎಂದರು.

"ಇರ್ಲಿ ಬಿಡಿ. ನಮ್ಮ ಮನೇಲಿ ಹೆಂಗಸರಿಗೂ ಸ್ವಲ್ಪ ಬರ್ತದೆ."

ಅಮಲ್ದಾರರು ನಗಲಿಲ್ಲ. ಹಿಂದಿನ ವರ್ಷಗಳ ಪುಸ್ತಕ ತನ್ನಿ ಎಂದರು. ನಮ್ಮಪ್ಪನ ಹೆಸರಿನ ಮುಂದೆ ಗಂಡು, ಗಂಡು, ಗಂಡು. ಮರಣದ ಪುಸ್ತಕ ತನ್ನಿ ಎಂದರು. ಅಲ್ಲಿಯೂ ಮೂರು. ಹೆಣ್ಣಿನದು ಮಾತ್ರ ಮರಣದಲ್ಲಿ ಎಲ್ಲಿಯೂ ಇಲ್ಲ. ಆಮೇಲೆ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಭೂತಗನ್ನಡಿ ಹಿಡಿದು ನನ್ನ ಮೂಗನ್ನು ಪರೀಕ್ಷೆ ಮಾಡಿದರು. ಮಾಡುತ್ತಾ ಮಾಡುತ್ತಾ ತಮಗೇ ತಿಳಿಯದ ಹಾಗೆ ತಮ್ಮ ಮೂಗಿನ ಎಡಗಡೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡರು.

ವಾಪಸು ಬಂದು ಪುಸ್ತಕಗಳನ್ನೆಲ್ಲ ಮುಚ್ಚಿ, ತಮ್ಮ ಕೋಣೆಯ ಬೀರುವಿನಲ್ಲಿಟ್ಟು, ಬಾಗಿಲು ಹಾಕಿ ತಾವೇ ಬೀಗ ತಿರುಗಿಸಿದರು. "ಈಗ ಹೇಳಿ ತಾಯಿ."

ಅಜ್ಜಿ ಬೀಗವನ್ನು ಒಂದು ಸಲ ಜಗ್ಗಿ ನೋಡಿದಳು. ಆಮೇಲೆ ಅಮಲ್ದಾರರ ಕಿವಿಯ ಹತ್ತಿರ ಬಗ್ಗಿದಳು.

"ಗಂಡೇ. ಪುಸ್ತಕಕ್ಕೆ ಹೇಳ್ಬೇಡಿ."

ಅವರು ಹೇಳಲಿಲ್ಲ. ಬೇರೆ ಹಾಳೆಯಲ್ಲಿ, 'ಖುದ್ದಾಗಿ ಪರಿಶೀಲಿಸಿದ್ದೇನೆ, ಇವರ ವಯಸ್ಸು ಇಪ್ಪತ್ನಾಲ್ಕು' ಎಂದಷ್ಟೇ ಬರೆದು ರುಜು ಹಾಕಿದರು. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಪಿಂಚಣಿ ಪಡೆದೆ. ಪುಸ್ತಕವನ್ನು ಯಾರೂ ತಿದ್ದಲಿಲ್ಲ, ನಾನೂ ತಿದ್ದಲು ಬಿಡಲಿಲ್ಲ. ಅದರಲ್ಲಿ ಈಗಲೂ ಹೆಣ್ಣೇ.

ನನಗೀಗ ಎಂಬತ್ತೆರಡು. ಪುಸ್ತಕ ನೋಡಿಕೊಂಡು ಬಂದವನು ನಮ್ಮ ಊರಿನಲ್ಲಿ ಮನೆ ಮನೆಯ ಬಾಗಿಲು ತಟ್ಟಿ, ಇಂಥವರ ಮಗಳು ಎಲ್ಲಿ ಎಂದು ಇನ್ನೂ ಕೇಳುತ್ತಿರಬೇಕು.